ಐದು ಡಾಲರ್ ವಾಪಸ್: ಪೊಲೀಸ್ ಚೀಫ್‌ಗಳ ಸಂಘವೊಂದರ ಇತಿಹಾಸ ಬರೆದ ಪ್ರಕರಣ

ಇದು ಅಮೆರಿಕದ ಒಂದು ರಾಜ್ಯದ ಪೊಲೀಸ್ ಚೀಫ್‌ಗಳ, ಅಂದರೆ ಊರೂರಿನ ಪೊಲೀಸ್ ಮುಖ್ಯಸ್ಥರ, ಸಂಘದಲ್ಲಿ ನಡೆದದ್ದು. ಸಂಘಕ್ಕೆ ನೂರು ವರ್ಷ ತುಂಬುತ್ತಿತ್ತು. ಅದರ ಇತಿಹಾಸ ಬರೆದುಕೊಡುವ ಗುತ್ತಿಗೆ ನನಗೆ ಸಿಕ್ಕಿತ್ತು. ಹಳೇ ಕಾಗದಪತ್ರ ವಿಂಗಡಿಸುವುದು, ಪಟ್ಟಿ ಮಾಡುವುದು, ಅದರಿಂದ ನಾಲ್ಕು ಜನ ಓದುವಂಥದ್ದು ಬರೆದುಕೊಡುವುದು ನನ್ನ ಕೆಲಸ. ರಾಜ್ಯ, ಊರು, ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಸದಸ್ಯರ ಸಂಖ್ಯೆ, ಪೆಟ್ಟಿಗೆಗಳ ಲೆಕ್ಕ ಇಂಥವನ್ನು ಸ್ವಲ್ಪ ಬದಲಿಸಿದ್ದೇನೆ. ಯಾವುದೋ ಸಂಸ್ಥೆಯ ಸ್ಮರಣ ಸಂಚಿಕೆ ಮಾಡಲು ಹೊರಟವರಿಗೆ ಉಪಯೋಗವಾಗಬಹುದು ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದು ಪೊಲೀಸ್ ಅಂತ ಇಲ್ಲ. ಊರಿಗೊಂದು, ಕೌಂಟಿಗೊಂದು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ರಾಜ್ಯಕ್ಕೊಂದು ಅಂತ ಸುಮಾರು 18,000 ಇಲಾಖೆಗಳಿವೆ. ಊರುಗಳ ಇಲಾಖೆಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟರಲ್ಲಿ ಹತ್ತು ಜನ ಪೊಲೀಸರೂ ಇರುವುದಿಲ್ಲ. ಕೌಂಟಿಯ ಪೊಲೀಸ್ ಮುಖ್ಯಸ್ಥ ಷೆರಿಫ್ ಆದರೆ ಬಹುತೇಕ ಕಡೆ ಜನರ ಓಟಿನಿಂದ ಆರಿಸಿ ಬರುತ್ತಾರೆ. ಚೀಫ್ ಹಾಗಲ್ಲ. ಮೇಯರ್ ಅಥವಾ ಊರಿನ ಆಡಳಿತ ನೇಮಿಸುತ್ತದೆ, ಬೇಡ ಅನಿಸಿದಾಗ ಮನೆಗೆ ಕಳಿಸುತ್ತದೆ. ಮೇಲೆ ಮೇಯರ್, ಕೆಳಗೆ ಸಿಬ್ಬಂದಿ, ಸರಿಸಮಾನರು ಅಂತ ಊರಲ್ಲಿ ಯಾರೂ ಇಲ್ಲ. ಕಷ್ಟ ಹೇಳಿಕೊಳ್ಳಬೇಕು ಅಂದರೆ ಪಕ್ಕದೂರಿನ ಚೀಫೇ ಆಗಬೇಕು. ಚೀಫ್‌ಗಳ ಸಂಘಗಳು ಇಷ್ಟು ಗಟ್ಟಿಯಾಗಿ ನಿಂತದ್ದು ಈ ಒಂಟಿತನದಿಂದ ಅಂತ ನನ್ನ ಅನಿಸಿಕೆ. ಯಾವ ನಡಾವಳಿ ಪುಸ್ತಕದಲ್ಲೂ ಹಾಗೆ ಬರೆದಿಲ್ಲ ಬಿಡಿ.

ಪುಸ್ತಕದಲ್ಲಿ ಬರೆಯುವ ಕಾರಣ ಬೇರೆ: ಊರು ಬಿಟ್ಟು ಓಡಿಹೋದ ಕಳ್ಳರನ್ನು ಹಿಡಿಯುವುದು. ರೈಲು ಬಂದ ಮೇಲೆ ಕಳ್ಳ ಬೆಳಗಾಗುವುದರೊಳಗೆ ಇನ್ನೊಂದು ರಾಜ್ಯದಲ್ಲಿರುತ್ತಿದ್ದ. ಪೊಲೀಸರ ಅಧಿಕಾರ ಮಾತ್ರ ಊರಿನ ಗಡಿಯಲ್ಲೇ ಮುಗಿಯುತ್ತಿತ್ತು. 1893ರಲ್ಲಿ ಷಿಕಾಗೋದಲ್ಲಿ ಚೀಫ್‌ಗಳು ಸೇರಿ ರಾಷ್ಟ್ರಮಟ್ಟದ ಒಂದು ಒಕ್ಕೂಟ ಕಟ್ಟಿದ್ದು ಇದಕ್ಕೇ. ಒಮಾಹಾದ ಚೀಫ್ ಸೀವಿ ಅದರ ಮೊದಲ ಅಧ್ಯಕ್ಷ. 1897ರಲ್ಲಿ ಒಕ್ಕೂಟವೇ ಅಪರಾಧಿಗಳ ಗುರುತಿನ ಕಚೇರಿಯೊಂದನ್ನು ತೆರೆಯಿತು. 1902ರಲ್ಲಿ ಹೆಸರು ಬದಲಾಗಿ ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಆಫ್ ಚೀಫ್ಸ್ ಆಫ್ ಪೊಲೀಸ್ ಆಯಿತು. ಈಗ ಎಲ್ಲರೂ ಐಎಸಿಪಿ ಅನ್ನುತ್ತಾರೆ. 1924ರಲ್ಲಿ ಆ ಕಚೇರಿಯ ಬೆರಳಚ್ಚುಗಳೂ ಕೇಂದ್ರ ಸರ್ಕಾರದ ಲೆವನ್‌ವರ್ತ್ ಜೈಲಿನ ಬೆರಳಚ್ಚುಗಳೂ ಒಟ್ಟಾಗಿ ಕೇಂದ್ರದ ತನಿಖಾ ಬ್ಯೂರೋ ಕೈಗೆ ಹೋದವು. ಮುಂದೆ ಎಫ್‌ಬಿಐ ಅಂತ ಹೆಸರಾದ ಬ್ಯೂರೋ ಅದು. ಎಲ್ಲ ಊರುಗಳೂ ಅಪರಾಧವನ್ನು ಒಂದೇ ರೀತಿ ಎಣಿಸಬೇಕು ಅಂತ 1929ರಲ್ಲಿ ಕೈಪಿಡಿ ಮಾಡಿದವರೂ ಇವರೇ. 1930ರ ಜನವರಿಯಲ್ಲಿ 400 ಊರುಗಳಿಂದ ಎಣಿಕೆ ಶುರುವಾಯಿತು. ಅದೇ ವರ್ಷ ಆ ಕೆಲಸವೂ ಬ್ಯೂರೋಗೆ ಹೋಯಿತು.

ನಮ್ಮ ಪ್ರಕರಣದ ಸಂಘ ಇದರ ಪಕ್ಕದಲ್ಲಿ ಸಣ್ಣದು. ಮುನ್ನೂರರ ಆಸುಪಾಸು ಸದಸ್ಯರು. ಕಚೇರಿಯಲ್ಲಿ ಮೂರೇ ಜನ, ಅವರಲ್ಲಿ ಕಾರ್ಯನಿರ್ವಾಹಕ ನಿರ್ದೇಶಕರು ಸ್ವತಃ ನಿವೃತ್ತ ಚೀಫ್. ವರ್ಷಕ್ಕೊಂದು ಸಮ್ಮೇಳನ, ಹೊಸ ಚೀಫ್‌ಗಳಿಗೆ ತರಬೇತಿ, ರಾಜ್ಯದ ಶಾಸನಸಭೆಯಲ್ಲಿ ಸ್ವಲ್ಪ ಓಡಾಟ. ಅವರು ಕೇಳಿದ್ದು 64 ಪುಟದ ಪುಸ್ತಕ, ಸಮ್ಮೇಳನದಲ್ಲಿ ನಿಲ್ಲಿಸಲು ಆರು ಫಲಕ. ಏಳು ತಿಂಗಳ ಅವಧಿ. ಮೇಲ್ವಿಚಾರಣೆಗೆ ಐದು ಜನರ ಸಮಿತಿ: ನಿರ್ದೇಶಕರು, ಖಜಾಂಚಿ, ಇಬ್ಬರು ಹಿರಿಯ ನಿವೃತ್ತ ಚೀಫ್‌ಗಳು, ಮತ್ತು ಆಗ ಕೆಲಸದಲ್ಲಿದ್ದ ಒಬ್ಬ ಮಹಿಳಾ ಚೀಫ್.

ಸಾಮಗ್ರಿ ಅಂದರೆ ನೆಲಮಾಳಿಗೆಯಲ್ಲಿದ್ದ ಹನ್ನೊಂದು ರಟ್ಟಿನ ಪೆಟ್ಟಿಗೆ. ನಡಾವಳಿ ಪುಸ್ತಕಗಳು, ಔತಣದ ಮೆನು ಕಾರ್ಡುಗಳು, ಹೋಟೆಲ್ ಬಿಲ್ಲುಗಳು, ಎರಡು ಪೆಟ್ಟಿಗೆ ತುಂಬ ಗುಂಪು ಫೋಟೋ. ಕೆಳಗಿನ ಪೆಟ್ಟಿಗೆಯಲ್ಲಿ ಖಜಾಂಚಿಗಳ ಲೆಕ್ಕದ ಪುಸ್ತಕಗಳು. ಅದನ್ನು ಕೊನೆಗೆ ನೋಡೋಣ ಅಂತ ಬದಿಗಿಟ್ಟೆ. ಲೆಕ್ಕದ ಪುಸ್ತಕ ಯಾರಿಗೆ ಬೇಕು, ಅಲ್ವಾ?

ತೊಡಕು

ಮೊದಲ ತೊಡಕು ನಗು ತರಿಸುವಂಥದ್ದು. ಲೆಟರ್‌ಹೆಡ್‌ನಲ್ಲಿ ಸ್ಥಾಪನೆಯ ವರ್ಷ ಅಂತ ಒಂದಿತ್ತು. ಅದೇ ವರ್ಷದ ನಡಾವಳಿಯ ಮೊದಲ ಪುಟದ ತಲೆಬರಹ ಮಾತ್ರ "ಮೂರನೇ ವಾರ್ಷಿಕ ಸಭೆ" ಅನ್ನುತ್ತಿತ್ತು. ಅಂದರೆ ಸಂಘಕ್ಕೆ ಎರಡು ವರ್ಷ ಜಾಸ್ತಿ ವಯಸ್ಸು. ಶತಮಾನೋತ್ಸವ ಯಾರಿಗೂ ಗೊತ್ತಾಗದೆ ಕಳೆದುಹೋಗಿತ್ತು! ಹೋಟೆಲ್ ಬುಕ್ ಆಗಿದೆ, ಆಮಂತ್ರಣ ಅಚ್ಚಿಗೆ ಹೋಗಿದೆ. ನಿರ್ದೇಶಕರು ಕುರ್ಚಿಗೆ ಒರಗಿ ಎರಡು ನಿಮಿಷ ಸೂರು ನೋಡುತ್ತಾ ಕೂತರು.

ದೊಡ್ಡ ಸಂಘ ಐಎಸಿಪಿಯ ಕಥೆ ಇಲ್ಲಿ ಕೈಹಿಡಿಯಿತು. 1893ಕ್ಕೆ ಮೊದಲೇ, 1871ರಲ್ಲಿ, ಸೇಂಟ್ ಲೂಯಿಸ್‌ನಲ್ಲಿ ಒಂದು ರಾಷ್ಟ್ರೀಯ ಪೊಲೀಸ್ ಸಮಾವೇಶ ನಡೆದಿತ್ತು. ಮತ್ತೆ ಸೇರೋಣ ಅಂದುಕೊಂಡೇ ಅವರೆಲ್ಲ ಎದ್ದು ಹೋದರು, ಆಮೇಲೆ ಇಪ್ಪತ್ತೆರಡು ವರ್ಷ ಏನೂ ಆಗಲಿಲ್ಲ. ಹಾಗಾಗಿ ಐಎಸಿಪಿ ತನ್ನ ಹುಟ್ಟನ್ನು ಎಣಿಸುವುದು 1893ರಿಂದ. ಸೇರಿದ್ದು ಒಂದು, ಸಂಘವಾಗಿ ನಿಂತದ್ದು ಇನ್ನೊಂದು. ನಮ್ಮ ಸಂಘದ ಮೊದಲೆರಡು ಸಭೆಗೂ ಬೈಲಾ ಇರಲಿಲ್ಲ, ಚಂದಾ ಇರಲಿಲ್ಲ. ಪುಸ್ತಕದಲ್ಲಿ ಎರಡೂ ವರ್ಷ ಹಾಕಿ ಯಾವುದು ಏನು ಅಂತ ಬರೆದೆವು. ಅಲ್ಲಿಗೆ ಮುಗಿಯಿತು.

ಎರಡನೇ ತೊಡಕು ಅಷ್ಟು ಸುಲಭದ್ದಾಗಿರಲಿಲ್ಲ.

ನಡಾವಳಿ ಬರೆದವರು ಬಹಳ ಜಾಣರು. ಯಾವ ಹೋಟೆಲ್, ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಲ್ಲ ಇರುತ್ತದೆ. ಬಿಸಿಬಿಸಿ ವಿಷಯ ಬಂದ ಕಡೆ ಮಾತ್ರ ಒಂದೇ ಸಾಲು: "ದೀರ್ಘ ಚರ್ಚೆ ನಡೆಯಿತು. ಕ್ರಮ ಇಲ್ಲ." ಅಪರಾಧ ಎಣಿಕೆಯ ಹೊಸ ಫಾರಂ ತುಂಬಲು ಜನ ಇಲ್ಲ ಅಂತ ಸಣ್ಣ ಊರಿನ ಚೀಫ್‌ಗಳು ಗಲಾಟೆ ಮಾಡಿದ ವರ್ಷವೂ ಅದೇ ಸಾಲು. ಸಂಬಳದ ವಿಷಯಕ್ಕೂ ಅದೇ. ಮುನ್ನೂರು ಪುಟ ಓದಿದ ಮೇಲೆ ಆ ಸಾಲು ಕಂಡಲ್ಲೆಲ್ಲ ಪೆನ್ಸಿಲ್ ಗುರುತು ಹಾಕುವುದು ಕಲಿತೆ. ಏನೋ ಆಗಿದ್ದರೆ ಆಗಿರುವುದು ಅಲ್ಲೇ.

1960ರಿಂದ 63ರವರೆಗೆ ಸದಸ್ಯತ್ವ ಸಮಿತಿಯ ವರದಿಯ ಕೆಳಗೆ ಆ ಸಾಲು ನಾಲ್ಕು ವರ್ಷವೂ ಇತ್ತು. ಸದಸ್ಯತ್ವ ಸಮಿತಿಯಲ್ಲಿ ದೀರ್ಘವಾಗಿ ಚರ್ಚಿಸುವಂಥದ್ದು ಏನಿರುತ್ತದೆ? ಚೀಫ್ ಆಗಿದ್ದರೆ ಸದಸ್ಯ, ಇಲ್ಲದಿದ್ದರೆ ಇಲ್ಲ.

ಉತ್ತರ ಸಿಕ್ಕಿದ್ದು ಐದನೇ ತಿಂಗಳಲ್ಲಿ, ಕೊನೆಗೆ ನೋಡೋಣ ಅಂತ ಬಿಟ್ಟಿದ್ದ ಲೆಕ್ಕದ ಪುಸ್ತಕದಲ್ಲಿ. ಹಸಿರು ಗೆರೆಯ ಉದ್ದನೆ ಪುಸ್ತಕ, ಮೂಲೆಗಳಲ್ಲಿ ಚರ್ಮ ಸುಲಿದಿತ್ತು. ಎಡಕ್ಕೆ ನೀಲಿ ಶಾಯಿಯಲ್ಲಿ ಬಂದ ಹಣ: ಒಬ್ಬರ ಹೆಸರು, ಒಂದು ಸಣ್ಣ ಊರು, ಐದು ಡಾಲರ್. ಅದೇ ಸಾಲಿನ ಬಲಕ್ಕೆ ಕೆಂಪು ಶಾಯಿಯಲ್ಲಿ: ವಾಪಸ್, ಐದು ಡಾಲರ್. 1960, 61, 62, 63, ನಾಲ್ಕು ವರ್ಷವೂ ಹಾಗೇ. 1964ರಲ್ಲಿ ಆ ಹೆಸರಿಲ್ಲ. 1965ರಲ್ಲಿ ಇದೆ, ಕೆಂಪು ಶಾಯಿ ಇಲ್ಲ.

ಊರಿನ ಹೆಸರು ಹುಡುಕಿದೆ. ಕಪ್ಪು ಜನಾಂಗದವರೇ ಕಟ್ಟಿಕೊಂಡ ಊರು ಅದು. ಚೀಫ್ ಕೂಡ ಅವರವರೇ. ಹೋಟೆಲ್ ಬಿಲ್ಲುಗಳ ಕಟ್ಟಿನಲ್ಲಿ ಒಂದು ಕಾರ್ಬನ್ ಪ್ರತಿಯೂ ಸಿಕ್ಕಿತು. ಆಗಿನ ಕಾರ್ಯದರ್ಶಿ 1962ರಲ್ಲಿ ಹೋಟೆಲ್ ಮ್ಯಾನೇಜರಿಗೆ ಬರೆದದ್ದು. ನಮ್ಮ ಸದಸ್ಯರಲ್ಲಿ ಯಾರೇ ಬಂದರೂ ಊಟದ ಹಾಲ್‌ನಲ್ಲಿ ತೊಂದರೆ ಆಗುವುದಿಲ್ಲ ತಾನೇ, ಅಂತ ಕೇಳಿದ್ದಾರೆ. ಉತ್ತರದ ಪತ್ರ ಸಿಗಲಿಲ್ಲ.

ಮಾಡಿ ನೋಡಿದ್ದು

ಮೊದಲು ನಾನು ಮಾಡಿದ್ದು ಹೇಡಿ ಕೆಲಸ. ಪುಸ್ತಕದ ಕೊನೆಯಲ್ಲಿ ವರ್ಷವಾರು ಪಟ್ಟಿ ಇತ್ತು. ಅದರಲ್ಲಿ ಒಂದು ಸಾಲು ಸೇರಿಸಿದೆ: "1965: ಸಂಘಕ್ಕೆ ಕಪ್ಪು ಜನಾಂಗದ ಮೊದಲ ಸದಸ್ಯರ ಸೇರ್ಪಡೆ." ಸುಳ್ಳಲ್ಲ. ಯಾರಿಗೂ ಚುಚ್ಚುವುದೂ ಇಲ್ಲ. ಮಹಿಳಾ ಚೀಫ್ ಕರಡು ಓದಿ ಕೇಳಿದರು: "ಇದನ್ನು ಓದಿದರೆ ನಾವೇ ಕರೆದು ಕೂರಿಸಿದ ಹಾಗೆ ಕಾಣುತ್ತಲ್ಲ. ಹಾಗೇನಾ ಆದದ್ದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಲೆಕ್ಕದ ಪುಸ್ತಕ ನೋಡಿದ್ದವನು ಅಲ್ಲಿಯವರೆಗೆ ನಾನೊಬ್ಬನೇ.

ಆಮೇಲೆ ಎರಡು ಪುಟ ಬರೆದೆ. ಇಲ್ಲಿ ಎರಡನೇ ತಪ್ಪು ಮಾಡಿದೆ. ಸಮಿತಿಗೆ ಇಡುವ ಮೊದಲು ಕರಡನ್ನು ನಿರ್ದೇಶಕರಿಗೆ ಮಾತ್ರ ತೋರಿಸಿದೆ. ಒಳ್ಳೆಯ ಮನುಷ್ಯ, ಗಾಬರಿಯಲ್ಲಿ ಇನ್ನಿಬ್ಬರ ಹತ್ತಿರ ಹೇಳಿಕೊಂಡರು. ವಾರದೊಳಗೆ ಮಾತು ರಾಜ್ಯವೆಲ್ಲ ಸುತ್ತಿತ್ತು, ಅದೂ ಹೇಗೆ? "ನಮ್ಮ ಹಿರಿಯರೆಲ್ಲ ಕೆಟ್ಟವರು ಅಂತ ಪುಸ್ತಕ ಬರುತ್ತಿದೆಯಂತೆ." ಆ ಎರಡು ಪುಟದಲ್ಲಿ ಒಂದೇ ಒಂದು ಗುಣವಾಚಕ ಇರಲಿಲ್ಲ. ಆದರೆ ಓದಿದವರು ಯಾರು?

ಸಮಿತಿ ಸೇರಿತು. ಇಬ್ಬರು ಹಿರಿಯರಲ್ಲಿ ಒಬ್ಬರು ಕಡ್ಡಿ ಮುರಿದ ಹಾಗೆ ಬೇಡ ಅಂದರು. ಅವರಿಗೆ 83 ವರ್ಷ. ಅವರ ವಾದ ತಳ್ಳಿಹಾಕುವಂಥದ್ದಾಗಿರಲಿಲ್ಲ. ಅರ್ಜಿ ತಿರಸ್ಕರಿಸಿದ್ದಾರೆ ಅಂತ ಎಲ್ಲೂ ಬರೆದಿಲ್ಲ, ಶುಲ್ಕ ವಾಪಸ್ ಮಾಡಿದ್ದಷ್ಟೇ. ಯಾಕೆ ಅಂತ ಗೊತ್ತಿಲ್ಲ. ಸತ್ತವರು ಬಂದು ಸಮಜಾಯಿಷಿ ಕೊಡುವುದಿಲ್ಲ. ನೂರು ವರ್ಷಕ್ಕೊಮ್ಮೆ ಬರುವ ಸಂಭ್ರಮದಲ್ಲಿ ಇದೇ ಬೇಕಾ? ಖಜಾಂಚಿ ತಲೆಯಾಡಿಸಿದರು.

ಮಹಿಳಾ ಚೀಫ್ 2016ರ ಮಾತು ಎತ್ತಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಸ್ಯಾನ್ ಡಿಯಾಗೋ ಸಮ್ಮೇಳನದಲ್ಲಿ ಐಎಸಿಪಿಯ ಆಗಿನ ಅಧ್ಯಕ್ಷ ಟೆರೆನ್ಸ್ ಕನ್ನಿಂಗ್‌ಹ್ಯಾಮ್ ವೇದಿಕೆ ಮೇಲೆ ನಿಂತು, ಬಿಳಿಯರಲ್ಲದ ಸಮುದಾಯಗಳನ್ನು ಹಿಂದೆ ಕೆಟ್ಟದಾಗಿ ನಡೆಸಿಕೊಂಡದ್ದರಲ್ಲಿ ಪೊಲೀಸರ ಪಾಲಿಗೆ ಕ್ಷಮೆ ಕೇಳಿದ್ದರು. ಅವರು ಆಗ ಮ್ಯಾಸಚೂಸೆಟ್ಸ್‌ನ ವೆಲ್ಸ್‌ಲಿ ಎಂಬ ಊರಿನ ಚೀಫ್ ಆಗಿದ್ದರು. ದೊಡ್ಡ ಸಂಘವೇ ಹೇಳಿದ ಮೇಲೆ ನಮಗೇನು ಅಂತ ಇವರ ಪ್ರಶ್ನೆ. ಹಿರಿಯರು ಅದಕ್ಕೂ ಉತ್ತರ ಇಟ್ಟುಕೊಂಡಿದ್ದರು: ಅದಾದ ಮೇಲೆ ಕೆಲವು ಪೊಲೀಸ್ ಯೂನಿಯನ್‌ಗಳು ಅವರ ಮೇಲೇ ತಿರುಗಿ ಬೀಳಲಿಲ್ಲವಾ? ಅದೂ ನಿಜವೇ. ನನಗೆ ಅಲ್ಲಿ ಹೊಳೆದದ್ದು ಬೇರೆ. ಕ್ಷಮೆ ಕೇಳುವುದು ಅಧ್ಯಕ್ಷರ ಕೆಲಸ, ನನ್ನದಲ್ಲ. ನನ್ನ ಎರಡು ಪುಟಗಳು ಅರ್ಧ ಕ್ಷಮೆಯ ಧಾಟಿಯಲ್ಲಿದ್ದವು. ಜಗಳ ಶುರುವಾದದ್ದೇ ಅದರಿಂದ. ಕರಡು ವಾಪಸ್ ತೆಗೆದುಕೊಂಡೆ. ಬರೆಯುವುದು ಆಮೇಲೆ, ಮೊದಲು ಇನ್ನೂ ಕಾಗದ ಹುಡುಕೋಣ ಅಂದೆ. ಮೂರು ವಾರ ಸಿಕ್ಕಿತು.

ಆ ಚೀಫ್ ತೀರಿಕೊಂಡು ಬಹಳ ವರ್ಷವಾಗಿತ್ತು. ಊರಿನ ಚರ್ಚಿನ ಮೂಲಕ ಅವರ ಮಗಳು ಸಿಕ್ಕರು. ಎಪ್ಪತ್ತು ದಾಟಿದವರು, ಶಾಲೆಯ ಮೇಡಂ ಆಗಿದ್ದವರು. ವಿಷಯ ಹೇಳಿದೆ. "ನಾಲ್ಕು ಸಲ ಅಲ್ಲ, ಐದು ಸಲ" ಅಂದರು. 1959ರಲ್ಲಿ ಅಪ್ಪ ದುಡ್ಡಿಲ್ಲದೆ ಬರೀ ಅರ್ಜಿ ಕಳಿಸಿದ್ದರಂತೆ. ಅದಕ್ಕೆ ಜವಾಬೂ ಬರಲಿಲ್ಲ. ದುಡ್ಡು ಇಟ್ಟು ಕಳಿಸಿದರೆ ಕನಿಷ್ಠ ವಾಪಸ್ ಮಾಡಲಿಕ್ಕಾದರೂ ಪತ್ರ ಬರೆಯಬೇಕಾಗುತ್ತದೆ ಅಂತ ಮರುವರ್ಷದಿಂದ ಐದು ಡಾಲರ್ ಇಡತೊಡಗಿದರು. ಲೆಕ್ಕದ ಪುಸ್ತಕದ ಆ ಸಾಲುಗಳು ಹುಟ್ಟಿದ್ದೇ ಆ ಮನುಷ್ಯನ ಈ ಯೋಚನೆಯಿಂದ ಅಂತ ಗೊತ್ತಾದಾಗ ಸ್ವಲ್ಪ ಹೊತ್ತು ಫೋನ್ ಹಿಡಿದು ಸುಮ್ನೆ ಕೂತಿದ್ದೆ.

ಪತ್ರಗಳು ಅವರ ಹತ್ತಿರ ಇದ್ದವು. ಅಪ್ಪನಿಗೆ ಬಂದ ಪ್ರಶಂಸಾ ಪತ್ರಗಳ ಜೊತೆ ಅದೇ ಫೈಲ್‌ನಲ್ಲಿ.

ಆದದ್ದು

ನಾಲ್ಕು ಪತ್ರಗಳ ಪ್ರತಿ ಸಮಿತಿಯ ಮೇಜಿನ ಮೇಲಿಟ್ಟೆ. ಈ ಸಲ ಕರಡು ಇಲ್ಲ, ನನ್ನ ಒಂದು ಮಾತೂ ಇಲ್ಲ. ಪತ್ರದಲ್ಲಿದ್ದದ್ದು ಇಷ್ಟೇ: ಈ ವರ್ಷ ತಮ್ಮ ಅರ್ಜಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳುವ ಸ್ಥಿತಿಯಲ್ಲಿ ಸಂಘ ಇಲ್ಲ, ತಾವು ಕಳಿಸಿದ ಹಣ ಇದರೊಂದಿಗೆ ವಾಪಸ್.

ಆ ಕಾಲದ ಕಚೇರಿ ಪತ್ರಗಳಲ್ಲಿ ಒಂದು ರೂಢಿ ಇತ್ತು. ಕೆಳಗೆ ಎಡ ಮೂಲೆಯಲ್ಲಿ ಪತ್ರ ಹೇಳಿ ಬರೆಸಿದವರ ಮೊದಲಕ್ಷರಗಳು ದೊಡ್ಡದಾಗಿ, ಟೈಪ್ ಮಾಡಿದವರ ಮೊದಲಕ್ಷರಗಳು ಚಿಕ್ಕದಾಗಿ. ನಾನು ಅದನ್ನು ಕಂಡಿದ್ದೆ, ಗಮನಿಸಿರಲಿಲ್ಲ. 83ರ ಹಿರಿಯರು ಕನ್ನಡಕ ತೆಗೆದು ಪ್ರತಿಯನ್ನು ಕಣ್ಣಿನ ಹತ್ತಿರ ತಂದರು. 62ರ ಪತ್ರ, ಆಮೇಲೆ 63ರದ್ದು. ಬೆರಳು ಆ ಮೂಲೆಯಲ್ಲೇ ನಿಂತಿತು. ಏನೂ ಹೇಳಲಿಲ್ಲ. ಅವತ್ತಿನ ಸಭೆ ಬೇರೆ ವಿಷಯಗಳಿಗೆ ಹೊರಳಿತು.

ಮರುದಿನ ಅವರೇ ಫೋನ್ ಮಾಡಿದರು. ಚೀಫ್ ಆಗುವುದಕ್ಕೆ ಬಹಳ ಮೊದಲು, ಇಪ್ಪತ್ತರ ವಯಸ್ಸಿನಲ್ಲಿ, ಅವರು ಆಗಿನ ಕಾರ್ಯದರ್ಶಿಯ ಪೊಲೀಸ್ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸಂಘದ ಪತ್ರಗಳನ್ನೂ ಅಲ್ಲೇ ಟೈಪ್ ಮಾಡುತ್ತಿದ್ದರು. ದಿನಕ್ಕೆ ಮೂವತ್ತು ಪತ್ರ, ಯಾವುದೂ ನೆನಪಿಲ್ಲ ಅಂದರು. ಅದು ನಿಜ ಅಂತಲೇ ನಾನು ನಂಬುತ್ತೇನೆ. ಮನಸ್ಸು ಬದಲಾಯಿತು ಅಂತ ಅವರು ಹೇಳಲಿಲ್ಲ. ಹೇಳಿದ್ದು ಒಂದೇ: "ಹಾಕುವುದಾದರೆ ಪತ್ರ ಪೂರ್ತಿ ಹಾಕಿ. ಅಂಚು ಕತ್ತರಿಸಬೇಡಿ."

ಪುಟ ವಿನ್ಯಾಸ ಮಾಡುವವರು ಅಂಚು ಕತ್ತರಿಸುವುದು ಮಾಮೂಲಿ. ಕತ್ತರಿಸಿದ್ದರೆ ಆ ಎರಡು ಚಿಕ್ಕ ಅಕ್ಷರ ಹೋಗುತ್ತಿತ್ತು. ಹೋಗಲಿಲ್ಲ. ಮತ ಹಾಕುವ ಪ್ರಮೇಯವೇ ಬರಲಿಲ್ಲ. ಅವರು ಒಪ್ಪಿದ ಮೇಲೆ ಖಜಾಂಚಿ ಮತ್ತೆ ತಲೆಯಾಡಿಸಿದರು.

ಕೊನೆಗೆ ಪುಸ್ತಕದಲ್ಲಿ ಎದುರುಬದುರು ಎರಡು ಪುಟ: ಒಂದು ಕಡೆ ಲೆಕ್ಕದ ಪುಸ್ತಕದ ಸಾಲುಗಳು, ಇನ್ನೊಂದು ಕಡೆ ಪತ್ರಗಳು, ಕೆಳಗೆ ಎಂಟು ವಾಕ್ಯ. 1964ರ ಜುಲೈ 2ರಂದು ಸಿವಿಲ್ ರೈಟ್ಸ್ ಕಾಯ್ದೆ ಬಂತು, ಹೋಟೆಲುಗಳು ಬಣ್ಣ ನೋಡಿ ಗಿರಾಕಿಯನ್ನು ಹೊರಗಿಡುವಂತಿಲ್ಲ ಎಂದಾಯಿತು. ಮರುವರ್ಷ ಐದು ಡಾಲರ್ ವಾಪಸ್ ಹೋಗಲಿಲ್ಲ. ಇದರಿಂದ ಅದು ಅಂತ ಕಾಗದದಲ್ಲಿ ಎಲ್ಲೂ ಇಲ್ಲವಾದ್ದರಿಂದ ನಾನೂ ಬರೆಯಲಿಲ್ಲ. ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟೆ.

ಎಲ್ಲ ಸುಸೂತ್ರವಾಯಿತು ಅಂತ ತಿಳಿಯಬೇಡಿ. ಒಬ್ಬ ನಿವೃತ್ತ ಚೀಫ್ ಮುದ್ರಣಕ್ಕೆ ಕೊಡುತ್ತೇನೆ ಅಂದಿದ್ದ ಹಣ ಹಿಂತೆಗೆದರು. ಆ ಖೋತಾ ತುಂಬಲು ನಾಲ್ಕು ಬಣ್ಣದ ಪುಟ ಕಪ್ಪು ಬಿಳುಪಾದವು. ಸಮ್ಮೇಳನದ ಬೆಳಿಗ್ಗೆ ಆರು ಫಲಕಗಳಲ್ಲಿ ಈ ವಿಷಯದ್ದು ಮಾತ್ರ ಕೋಟು ನೇತುಹಾಕುವ ಕೋಣೆಯ ಪಕ್ಕದ ಓಣಿಯಲ್ಲಿತ್ತು. ಯಾರು ಇಟ್ಟರೋ ಯಾರೂ ಒಪ್ಪಲಿಲ್ಲ. ಮಹಿಳಾ ಚೀಫ್ ಯೂನಿಫಾರಂನಲ್ಲೇ ಅದನ್ನು ಎತ್ತಿಕೊಂಡು ಬಂದು ಬಾಗಿಲ ಎದುರು ನಿಲ್ಲಿಸಿದರು. ಸಾಲಿನಲ್ಲಿ ಅದರ ಜಾಗ ನಾಲ್ಕನೆಯದು, ಅಲ್ಲೇ.

ಮಗಳು ಅಪ್ಪನ ಹೆಸರು ಹಾಕಲು ಒಪ್ಪಿದರು. ಔತಣಕ್ಕೆ ಕರೆದಾಗ ಬರುವುದಿಲ್ಲ ಅಂದರು. ಕಾರಣ ಕೇಳಲಿಲ್ಲ. ಪುಸ್ತಕದ ಎರಡು ಪ್ರತಿ ತರಿಸಿಕೊಂಡರು.

ಇನ್ನೊಮ್ಮೆ ಮಾಡುವುದಾದರೆ

ಲೆಕ್ಕದ ಪುಸ್ತಕವನ್ನು ಮೊದಲ ವಾರವೇ ತೆಗೆಯುತ್ತೇನೆ. ನಡಾವಳಿ ಬರೆಯುವವರಿಗೆ ಮುಂದೆ ಯಾರೋ ಓದುತ್ತಾರೆ ಅನ್ನುವ ಎಚ್ಚರ ಇರುತ್ತದೆ. ಖಜಾಂಚಿಗೆ ಎರಡು ಕಡೆಯ ಮೊತ್ತ ತಾಳೆಯಾಗುವುದಷ್ಟೇ ಮುಖ್ಯ. ಮುಚ್ಚಿಡುವ ಉಸಾಬರಿಗೆ ಅವನು ಹೋಗುವುದಿಲ್ಲ. ಆದರೆ ಲೆಕ್ಕದ ಪುಸ್ತಕವೂ ಪೂರ್ತಿ ಹೇಳುವುದಿಲ್ಲ, 1959 ಅದರಲ್ಲಿ ಇರಲಿಲ್ಲ ನೋಡಿ. ಅರ್ಜಿ ಹಾಕಿದವರ ಮನೆಯಲ್ಲಿ ಏನಿದೆ ಅಂತ ಕೇಳದೆ ಸಂಘದ ಕಾಗದ ಮಾತ್ರ ನಂಬಿದ್ದರೆ ನನ್ನ ಪುಟ ಒಂದು ವರ್ಷ ತಪ್ಪಾಗಿರುತ್ತಿತ್ತು.

ಮೂಲ ಕಾಗದ ಮೊದಲು, ಬರಹ ಆಮೇಲೆ, ಮತ್ತು ಎಲ್ಲರಿಗೂ ಒಟ್ಟಿಗೆ. ನಾನು ಉಲ್ಟಾ ಮಾಡಿದ್ದಕ್ಕೆ ಒಂದು ತಿಂಗಳು ಕಳೆದುಕೊಂಡೆ. ನನ್ನ ವಾಕ್ಯದ ಜೊತೆ ಜಗಳ ಆಡುವುದು ಯಾರಿಗೂ ಸುಲಭ. ಕೆಂಪು ಶಾಯಿಯ ಜೊತೆ ಆಡಲಿಕ್ಕಾಗದು. ವಿರೋಧಿಸಿದ ಹಿರಿಯರ ಬಗ್ಗೆಯೂ ಒಂದು ಮಾತು ಹೇಳಬೇಕು. ಗೊತ್ತಿಲ್ಲದ್ದನ್ನು ಬರೆಯಬೇಡಿ ಅಂತ ಅವರು ಹಿಡಿದ ಪಟ್ಟಿನಿಂದಲೇ ಪುಟ ಗಟ್ಟಿಯಾಯಿತು. ನಾನು ಊಹೆ ಮಾಡಿ ಸೇರಿಸಿದ್ದ ಮೂರು ವಾಕ್ಯ ಹೋದದ್ದು ಅವರಿಂದ.

ಒಂದು ಕೆಲಸ ಬಾಕಿ ಉಳಿದಿದೆ. ಅದೇ ಹಸಿರು ಗೆರೆಯ ಪುಸ್ತಕದಲ್ಲಿ, ಅದೇ ಕೆಂಪು ಶಾಯಿಯಲ್ಲಿ, ಇನ್ನೆರಡು ಹೆಸರುಗಳ ಮುಂದೆ ವಾಪಸ್ ಅಂತ ಇದೆ. ಒಂದೊಂದು ಸಲ ಮಾತ್ರ. ಊರಿನ ಹೆಸರು ಬರೆದಿಲ್ಲ. ಅವರು ಯಾರು, ಹಣ ಯಾಕೆ ವಾಪಸ್ ಹೋಯಿತು ಅಂತ ಪುಸ್ತಕ ಅಚ್ಚಿಗೆ ಹೋಗುವವರೆಗೂ ಪತ್ತೆಯಾಗಲಿಲ್ಲ. ಎರಡು ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು, ಪುಟ ಸಂಖ್ಯೆ ಹಾಕಿ, ಲೆಕ್ಕದ ಪುಸ್ತಕದ ಮೊದಲ ಹಾಳೆಗೆ ಕ್ಲಿಪ್ ಮಾಡಿದ್ದೇನೆ. ಆ ಪುಸ್ತಕವನ್ನು ಹನ್ನೊಂದನೇ ಪೆಟ್ಟಿಗೆಯಿಂದ ತೆಗೆದು ಒಂದನೇ ಪೆಟ್ಟಿಗೆಯಲ್ಲಿ, ಎಲ್ಲಕ್ಕಿಂತ ಮೇಲೆ ಇಟ್ಟು ಬಂದೆ.